ಉಳುವವರ ಬೆನ್ನು ಉಳಿಯಬೇಕಾದರೆ

ಭಾನುವಾರದ ಬಲಿಪೂಜೆಗೆ ತಪ್ಪದೆ ಬಂದರೂ ಬೆಂಚಿನಲ್ಲಿ ಕುಳಿತುಕೊಳ್ಳದೆ, ಹಿಂದಿನ ಬಾಗಿಲ ಬಳಿ ಗೋಡೆಗೆ ಒರಗಿ ನಿಲ್ಲುವ ಕೆಲವು ಗಂಡಸರನ್ನು ನಾವೆಲ್ಲ ನೋಡಿದ್ದೇವೆ. ಪ್ರಬೋಧನೆ ಉದ್ದವಾದರೆ ಮೆಲ್ಲಗೆ ಹೊರಗೆ ಜಾರಲು ಅನುಕೂಲವೆಂದು ಅಲ್ಲಿ ನಿಂತಿದ್ದಾರೆ ಎಂದು ನಾವು ತಮಾಷೆ ಮಾಡುವುದೂ ಉಂಟು. ಕಳೆದ ತಿಂಗಳು ಅವರಲ್ಲೊಬ್ಬರನ್ನು ಚರ್ಚಿನ ಅಂಗಳದಲ್ಲಿ ನಿಲ್ಲಿಸಿ ಕೇಳಿಯೇ ಬಿಟ್ಟೆವು. ಅವರಿಗೆ ನಲವತ್ತನಾಲ್ಕು ವರ್ಷ. ಅಣ್ಣೂರಿನ ಕಡೆಯ ರೈತರು. ಇಪ್ಪತ್ತು ವರ್ಷಗಳಿಂದ ಸ್ವಂತ ಹೊಲವನ್ನೂ ಊರವರ ಹೊಲವನ್ನೂ ಟ್ರ್ಯಾಕ್ಟರಿನಲ್ಲಿ ಉಳುತ್ತಿದ್ದಾರೆ.

"ಬೆಂಚಿನಲ್ಲಿ ಅರ್ಧ ಗಂಟೆ ಕೂತರೆ ಏಳೋವಾಗ ಸೊಂಟ ಹಿಡ್ಕೊಳ್ಳುತ್ತೆ ಅಣ್ಣ. ಮೊಣಕಾಲೂರಿದರೆ ಎಬ್ಬಿಸೋಕೆ ಇನ್ನೊಬ್ಬರು ಬೇಕು. ಅದಕ್ಕೇ ನಿಂತೇ ಇರ್ತೀನಿ" ಎಂದರು.

ಡಾಕ್ಟರರು ಡಿಸ್ಕ್ ಸವೆದಿದೆ ಎಂದು ಹೇಳಿ, ಮೂರು ತಿಂಗಳು ಗಾಡಿ ಓಡಿಸಬೇಡಿ ಎಂದಿದ್ದಾರಂತೆ. ಬ್ಯಾಂಕಿನ ಕಂತು ಮೂರು ತಿಂಗಳು ನಿಲ್ಲುವುದಿಲ್ಲವಲ್ಲ! ಹಾಗಾಗಿ ಗಾಡಿ ನಿಂತಿಲ್ಲ. ತಂದೆಗೆ ಆಗದ ದಿನ ಹತ್ತನೇ ತರಗತಿಯ ಮಗ ಶಾಲೆ ಬಿಟ್ಟು ಸ್ಟೀರಿಂಗ್ ಹಿಡಿಯುತ್ತಿದ್ದಾನೆ. ಈ ಮಾತು ಕೇಳಿದ ಮೇಲೆ ಈ ಸಲದ ಅಂಕಣಕ್ಕೆ ಬೇರೆ ವಿಷಯ ಹುಡುಕಬೇಕೆಂದು ನಮಗೆ ಅನಿಸಲಿಲ್ಲ.

ಕೃಷಿ ಯಂತ್ರದ ಅಪಾಯ ಎಂದರೆ ನಮ್ಮ ಕಣ್ಣಿಗೆ ಬರುವುದು ಟ್ರ್ಯಾಕ್ಟರ್ ಮಗುಚುವುದು, ರೋಟವೇಟರಿಗೆ ಕಾಲು ಸಿಕ್ಕುವುದು, ಕಳೆನಾಶಕದ ವಿಷ. ಇವು ಒಂದೇ ಗಳಿಗೆಯಲ್ಲಿ ನಡೆದುಹೋಗುವ ಅನಾಹುತಗಳು. ಯಂತ್ರದ ನಡುಕ ಹಾಗಲ್ಲ. ಅದು ದಿನಕ್ಕೆ ಸ್ವಲ್ಪ ಸ್ವಲ್ಪವೇ ಮೈಯೊಳಗೆ ಇಳಿದು, ಹತ್ತು ಹದಿನೈದು ವರ್ಷಗಳ ನಂತರ ಲೆಕ್ಕ ಕೇಳುತ್ತದೆ. ರಕ್ತ ಬಾರದ ಗಾಯವಾದ್ದರಿಂದ ಅದನ್ನು ಯಾರೂ ಗಾಯವೆಂದು ಎಣಿಸುವುದಿಲ್ಲ. "ವಯಸ್ಸಾಯಿತು" ಎಂದು ಸುಮ್ಮನಾಗುತ್ತೇವೆ. ನಲವತ್ತನಾಲ್ಕು ಒಂದು ವಯಸ್ಸೇ?

ನಡುಕ ಮೈಗೆ ಏನು ಮಾಡುತ್ತದೆ?

ನಡುಕದಲ್ಲಿ ಎರಡು ಬಗೆ. ಒಂದು ಸೀಟಿನ ಮೂಲಕ ಇಡೀ ಮೈಗೆ ಹತ್ತುವುದು. ಟ್ರ್ಯಾಕ್ಟರ್, ಜೆಸಿಬಿ, ಟಿಪ್ಪರ್ ಓಡಿಸುವವರಿಗೆ ಇದು. ಇನ್ನೊಂದು ಹಿಡಿಕೆಯ ಮೂಲಕ ಕೈಗೆ ಹತ್ತುವುದು. ಪವರ್ ಟಿಲ್ಲರ್, ಹುಲ್ಲು ಕತ್ತರಿಸುವ ಯಂತ್ರ, ಮರ ಕೊಯ್ಯುವ ಯಂತ್ರ, ಬಂಡೆ ಕೊರೆಯುವ ಜಾಕ್‌ಹ್ಯಾಮರ್ ಹಿಡಿಯುವವರಿಗೆ ಇದು.

ಮೊದಲನೆಯದನ್ನು ನೋಡೋಣ. ಕಾರಿಗೆ, ಬಸ್ಸಿಗೆ ಚಕ್ರದ ಮೇಲೆ ಸ್ಪ್ರಿಂಗ್ ಇರುತ್ತದೆ. ನಮ್ಮ ಸಾಮಾನ್ಯ ಟ್ರ್ಯಾಕ್ಟರಿನ ಹಿಂದಿನ ಆಕ್ಸಲಿಗೆ ಅದಿಲ್ಲ. ನೇಗಿಲು ಎಳೆಯುವ ಗಾಡಿಯಾದ್ದರಿಂದ ಹಾಗೆ ಮಾಡಿದ್ದಾರೆ. ಹೊಲದ ಏರುತಗ್ಗಿಗೂ ನಮ್ಮ ಸೊಂಟಕ್ಕೂ ನಡುವೆ ಇರುವುದು ಟಯರಿನ ಗಾಳಿ ಮತ್ತು ಸೀಟು, ಇವೆರಡೇ. ಹೆಂಟೆಯ ಮೇಲೆ, ಬದುವಿನ ಮೇಲೆ ಟಯರು ಚೆಂಡಿನಂತೆ ಪುಟಿಯುತ್ತದೆ. ಸೆಕೆಂಡಿಗೆ ಎರಡು, ಮೂರು, ನಾಲ್ಕು ಸಲ ಗಾಡಿ ಮೇಲೆ ಕೆಳಗೆ ಆಗುತ್ತದೆ. ಮನುಷ್ಯ ಕುಳಿತಿರುವಾಗ ಅವನ ಬೆನ್ನೆಲುಬು ಅತಿ ಹೆಚ್ಚಾಗಿ ಅದುರುವುದು ಸೆಕೆಂಡಿಗೆ 4ರಿಂದ 8 ಸಲದ ನಡುಕಕ್ಕೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಕೈಯ ತಳ್ಳೂ ಅದನ್ನು ಎತ್ತರಕ್ಕೆ ಒಯ್ಯುತ್ತದಲ್ಲವೇ? ಹಾಗೆಯೇ ಈ ಲಯದ ನಡುಕ ಬೆನ್ನಿಗೆ ತಾಗಿದರೆ ಸೀಟಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಬೆನ್ನಿನೊಳಗೆ ಬೆಳೆಯುತ್ತದೆ.

ಬೆನ್ನೆಲುಬಿನ ಗುಂಡುಗಳ ನಡುವೆ ಮೆತ್ತೆಯಂತಿರುವುದೇ ಡಿಸ್ಕ್. ದೊಡ್ಡವರಲ್ಲಿ ಡಿಸ್ಕಿನೊಳಗೆ ರಕ್ತನಾಳಗಳಿರುವುದಿಲ್ಲ. ಸುತ್ತಲಿನಿಂದ ನೀರೂ ಸತ್ವವೂ ಮೆಲ್ಲಗೆ ಒಸರಿ ಒಳಗೆ ಹೋಗಬೇಕು. ನಾವು ನಡೆದಾಡಿದಾಗ, ಮಲಗಿದಾಗ ಈ ಕೆಲಸ ಆಗುತ್ತದೆ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತು, ಮೇಲಿಂದ ಕುಟ್ಟಿಸಿಕೊಳ್ಳುತ್ತಿದ್ದರೆ ಆಗುವುದಿಲ್ಲ. ಬೆನ್ನಿನ ಸ್ನಾಯುಗಳು ದಣಿದು ಸೋಲುತ್ತವೆ, ಭಾರವೆಲ್ಲ ಡಿಸ್ಕಿನ ಮೇಲೆ ಬೀಳುತ್ತದೆ. ಜೊತೆಗೆ ಹಿಂದಿರುವ ಕಲ್ಟಿವೇಟರನ್ನು ನೋಡಲು ನಾವು ಸೊಂಟ ತಿರುಚಿಕೊಂಡೇ ಇರುತ್ತೇವೆ. ನಡುಕ ಒಂದೇ ಆದರೆ ಮೈ ಒಂದಷ್ಟು ತಾಳುತ್ತದೆ. ನಡುಕ ಮತ್ತು ತಿರುಚು ಸೇರಿದರೆ ಕಷ್ಟ.

ಸೊಂಟನೋವಿಗೆಲ್ಲ ಟ್ರ್ಯಾಕ್ಟರೇ ಕಾರಣವೆಂದು ನಾವು ಹೇಳುವುದಿಲ್ಲ. ಗೊಬ್ಬರದ ಮೂಟೆ ಎತ್ತುವುದೂ ಕಾರಣ, ಬಾಳೆಗೊನೆ ಹೊರುವುದೂ ಕಾರಣ. ಆದರೆ ವರ್ಷಗಟ್ಟಲೆ ಗಾಡಿಯ ಮೇಲೆ ಕುಳಿತವರಿಗೆ ಸೊಂಟನೋವು ಉಳಿದವರಿಗಿಂತ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಿಂದ ಗೊತ್ತಾಗಿರುವ ಸಂಗತಿ.

ಇನ್ನು ಕೈಯ ನಡುಕ. 1918ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಎಂಬಲ್ಲಿ ಸುಣ್ಣಕಲ್ಲಿನ ಕ್ವಾರಿಗಳಿಗೆ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಎಂಬ ಮಹಿಳೆ ಹೋಗಿ, ಗಾಳಿ ಸುತ್ತಿಗೆ ಹಿಡಿದು ಕಲ್ಲು ಕೆತ್ತುವವರ ಕೈಗಳನ್ನು ಪರೀಕ್ಷಿಸಿದರು. ಅವರಲ್ಲಿ ಹೆಚ್ಚಿನವರ ಬೆರಳುಗಳು ಚಳಿಯ ಬೆಳಗಿನಲ್ಲಿ ಸುಣ್ಣದಂತೆ ಬೆಳ್ಳಗಾಗಿ ಮರಗಟ್ಟುತ್ತಿದ್ದವು. ನಡುಕದಿಂದ ಬೆರಳಿನ ಸಣ್ಣ ರಕ್ತನಾಳಗಳೂ ನರಗಳೂ ಕೆಡುತ್ತವೆ ಎಂದು ಜಗತ್ತಿಗೆ ತಿಳಿಸಿದ ಮೊದಲ ವರದಿಗಳಲ್ಲಿ ಅದೂ ಒಂದು. ನಮ್ಮ ಬಿಸಿಲುನಾಡಿನಲ್ಲಿ ಬೆರಳು ಬೆಳ್ಳಗಾಗುವುದು ಕಡಿಮೆ. ಹಾಗೆಂದು ನಾವು ಪಾರಾದೆವೆಂದು ತಿಳಿಯಬಾರದು. ನಮ್ಮಲ್ಲಿ ಅದು ಜುಮ್ಮು, ಮರಗಟ್ಟುವಿಕೆ, ಹಿಡಿತ ಸಡಿಲವಾಗುವುದು ಎಂಬ ರೂಪದಲ್ಲಿ ಬರುತ್ತದೆ. ಕಾಫಿ ಲೋಟ ಕೈಜಾರುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು, ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವುದು ಇದರ ಗುರುತುಗಳು. ನೀಲಗಿರಿಯ ಚಳಿಯಲ್ಲಿ ಯಂತ್ರ ಹಿಡಿಯಲು ಹೋಗುವ ನಮ್ಮ ಹುಡುಗರು ಬೆರಳಿನ ಬಣ್ಣವನ್ನೂ ಗಮನಿಸಲಿ.

ಗಂಟೆಯ ಲೆಕ್ಕ

ಯುರೋಪಿನ ದೇಶಗಳ ಒಕ್ಕೂಟವು 2002ರಲ್ಲಿ ಕೆಲಸಗಾರರಿಗಾಗಿ ನಡುಕದ ಮಿತಿಯನ್ನು ಗೊತ್ತುಮಾಡಿತು. ಎಂಟು ಗಂಟೆಯ ದಿನಕ್ಕೆ ಸೀಟಿನ ಸರಾಸರಿ ನಡುಕ ಸೆಕೆಂಡ್ ವರ್ಗಕ್ಕೆ 0.5 ಮೀಟರ್ ಮುಟ್ಟಿದರೆ ಮಾಲೀಕನು ತಡೆಯುವ ಕ್ರಮ ಕೈಗೊಳ್ಳಬೇಕು. 1.15 ದಾಟಲೇಬಾರದು. ಕೈಗಾದರೆ ಈ ಎರಡು ಅಂಕಿಗಳು 2.5 ಮತ್ತು 5. ಆ ಶ್ರೀಮಂತ ದೇಶಗಳೂ ಕೃಷಿ ಯಂತ್ರಗಳಿಗೆ ಈ ಮಿತಿಯನ್ನು ಕೂಡಲೇ ಕಡ್ಡಾಯ ಮಾಡಲಾಗದೆ, ಬ್ರಿಟನ್ನಿನಲ್ಲಿ 2014ರವರೆಗೆ ಗಡುವು ಕೊಡಬೇಕಾಯಿತು ಎಂಬುದನ್ನು ನೋಡಿದರೆ ಟ್ರ್ಯಾಕ್ಟರಿನ ನಡುಕ ಎಷ್ಟು ಮೊಂಡು ಎಂದು ತಿಳಿಯುತ್ತದೆ.

ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಅವುಗಳ ಹಿಂದಿರುವ ಲೆಕ್ಕವನ್ನು ಮಾತ್ರ ನೆನಪಿಟ್ಟುಕೊಳ್ಳಿ. ನಡುಕ ಎರಡು ಪಟ್ಟಾದರೆ, ಅಷ್ಟೇ ಹಾನಿಗೆ ಬೇಕಾಗುವ ಸಮಯ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಸೀಟಿನ ನಡುಕ 0.5 ಇರುವಲ್ಲಿ ಎಂಟು ಗಂಟೆಗೆ ಮುಟ್ಟುವ ಮಟ್ಟವನ್ನು, ನಡುಕ 1 ಇರುವಲ್ಲಿ ಎರಡೇ ಗಂಟೆಗೆ ಮುಟ್ಟುತ್ತೇವೆ. ಟಿಲ್ಲರಿನ ಹಿಡಿಕೆಯಲ್ಲಿ ನಡುಕ 10 ಇದ್ದರೆ, ಕ್ರಮ ಕೈಗೊಳ್ಳಬೇಕಾದ ಮಟ್ಟ ಅರ್ಧ ಗಂಟೆಗೆ, ದಾಟಬಾರದ ಗೆರೆ ಎರಡು ಗಂಟೆಗೆ. ಇದನ್ನೇ ತಿರುಗಿಸಿ ಹೇಳಿದರೆ ಸಂತೋಷದ ಸುದ್ದಿ. ನಡುಕವನ್ನು ಅರ್ಧಕ್ಕೆ ಇಳಿಸಿದವನಿಗೆ ನಾಲ್ಕು ಪಟ್ಟು ಸಮಯ ಸಿಗುತ್ತದೆ.

ನಮ್ಮ ಕಡೆಯ ತೊಂದರೆ ಏನೆಂದರೆ ಉಳುಮೆಯ ಬಾಡಿಗೆ ಗಂಟೆ ಲೆಕ್ಕದ್ದು. ಹೊಲದ ಯಜಮಾನ ಬದುವಿನ ಮೇಲೆ ವಾಚು ನೋಡುತ್ತಾ ನಿಂತಿರುತ್ತಾನೆ. "ಇನ್ನೂ ಸ್ವಲ್ಪ ಬೇಗ ಹೋಗಪ್ಪ" ಎನ್ನುತ್ತಾನೆ. ಮಳೆ ಬಿದ್ದ ಮೇಲೆ ಮಣ್ಣಿನ ಹದ ಇರುವುದು ನಾಲ್ಕೇ ದಿನ. ಪಲ್ಲಡಂ, ಪೊಂಗಲೂರು ಕಡೆಯ ಮಾನಾವರಿ ಹೊಲಗಳಿಗೆ ಆಗ ಎಲ್ಲರಿಗೂ ಒಟ್ಟಿಗೆ ಗಾಡಿ ಬೇಕು. ಡ್ರೈವರ್ ಬೆಳಿಗ್ಗೆ ಐದಕ್ಕೆ ಹತ್ತಿದವನು ರಾತ್ರಿ ಲೈಟು ಹಾಕಿ ಓಡಿಸುತ್ತಾನೆ. ಆ ಯಜಮಾನರೂ ನಮ್ಮ ಓದುಗರೇ ಆದ್ದರಿಂದ ಅವರಲ್ಲಿ ಒಂದು ಮಾತು: ಗೇರು ಏರಿಸಿ ಉಳಿಸುವ ಹತ್ತು ನಿಮಿಷದ ಬೆಲೆಯನ್ನು ಬೇರೊಬ್ಬರ ಬೆನ್ನು ಕೊಡುತ್ತದೆ. ಉಳುಮೆಯೂ ಮೇಲುಮೇಲೆ ಆಗುತ್ತದೆ.

ಗಾಡಿಯಲ್ಲಿ ಏನು ಮಾಡಬಹುದು?

ಎಲ್ಲಕ್ಕಿಂತ ಮೊದಲು ವೇಗ. ಗುಂಡಿಬಿದ್ದ ತೋಟದ ದಾರಿಯಲ್ಲಿ ಖಾಲಿ ಟ್ರೇಲರ್ ಕಟ್ಟಿಕೊಂಡು ಹಾರಿಸಿಕೊಂಡು ಹೋಗುವಾಗ ಬೀಳುವ ಪೆಟ್ಟು ಹೊಲದಲ್ಲಿ ಉಳುವಾಗಿನದಕ್ಕಿಂತ ಕೆಟ್ಟದ್ದಾಗಿರುತ್ತದೆ. ತೆಂಗಿನ ಸಿಪ್ಪೆಯನ್ನು ನಾರಿನ ಮಿಲ್ಲಿಗೆ ಇಳಿಸಿ ಮರಳಿ ಬರುವಾಗ ಹುಡುಗರು ಹೇಗೆ ಬರುತ್ತಾರೆಂದು ಪೊಳ್ಳಾಚಿ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಗೇರು ಇಳಿಸುವುದಕ್ಕೆ ದುಡ್ಡು ಬೇಡ. ದಿನವೂ ಹೋಗುವ ದಾರಿಯಾದರೆ ನಾಲ್ಕು ಬಾಂಡಲಿ ಗ್ರಾವೆಲ್ ಹಾಕಿ ಗುಂಡಿ ಮುಚ್ಚುವುದೂ ಒಂದು ವೈದ್ಯವೇ.

ಎರಡನೆಯದು ಟಯರಿನ ಗಾಳಿ. ಹಿಂದಿನ ಟಯರಿಗೆ ಹೊಲದ ಕೆಲಸಕ್ಕೆ ಬಹುಪಾಲು ಗಾಡಿಗಳ ಪುಸ್ತಕದಲ್ಲಿ 12ರಿಂದ 20 ಪಿಎಸ್‌ಐ ಒಳಗಿನ ಒಂದು ಅಂಕಿ ಬರೆದಿರುತ್ತದೆ. ಪಂಚರ್ ಅಂಗಡಿಯಲ್ಲಿ ಲಾರಿಗೆ ಹೊಡೆದ ಕೈಯಲ್ಲೇ ಟ್ರ್ಯಾಕ್ಟರಿಗೂ ಹೊಡೆದು ಕಲ್ಲಿನಂತೆ ಮಾಡಿ ಕಳಿಸುತ್ತಾರೆ. ಗಾಳಿ ಹೆಚ್ಚಾದರೆ ಪುಟಿಯುವುದು ಹೆಚ್ಚು, ಮಣ್ಣೂ ಗಟ್ಟಿಯಾಗುತ್ತದೆ. ಗೇಜು ಇಟ್ಟು ನೋಡಿ, ನಿಮ್ಮ ಗಾಡಿಯ ಪುಸ್ತಕದಲ್ಲಿರುವಷ್ಟೇ ಇರಲಿ. ತೂಕಕ್ಕಾಗಿ ಟಯರಿನೊಳಗೆ ನೀರು ತುಂಬಿಸಿದ್ದರೆ ಟಯರು ಇನ್ನೂ ಬಿರುಸಾಗುತ್ತದೆ. ಹಿಡಿತ ಬೇಕಾದ ಕೆಲಸ ಮುಗಿದ ಮೇಲೂ ವರ್ಷವಿಡೀ ಅದನ್ನು ಹೊತ್ತು ತಿರುಗಬೇಡಿ.

ಮೂರನೆಯದು ಸೀಟು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇವೆ. ಏಕೆಂದರೆ ನಾವು ಕಂಡ ಗಾಡಿಗಳಲ್ಲಿ ಹೆಚ್ಚಿನವುಗಳ ಸೀಟು ಕೆಟ್ಟೇ ಇತ್ತು. ಸೀಟಿನ ಕೆಳಗೆ ಸ್ಪ್ರಿಂಗ್ ಇರುತ್ತದೆ. ಹಲವು ಗಾಡಿಗಳಲ್ಲಿ ಕುಳಿತವನ ತೂಕಕ್ಕೆ ತಕ್ಕಂತೆ ಅದನ್ನು ಬಿಗಿ, ಸಡಿಲ ಮಾಡುವ ತಿರುಗಣೆಯೂ ಇರುತ್ತದೆ. ಷೋರೂಮಿನಿಂದ ಬಂದ ದಿನದಿಂದ ಅದನ್ನು ಯಾರೂ ಮುಟ್ಟಿರುವುದಿಲ್ಲ, ತುಕ್ಕು ಹಿಡಿದಿರುತ್ತದೆ. ಎಂಬತ್ತು ಕಿಲೋ ತೂಗುವ ತಂದೆಗೆ ಹೊಂದಿದ ಸೀಟು ಐವತ್ತು ಕಿಲೋದ ಮಗನಿಗೆ ಮರದ ಹಲಗೆಯೇ ಸರಿ. ಬೆಳಿಗ್ಗೆ ಡೀಸೆಲ್ ನೋಡುವಂತೆ ಇದನ್ನೂ ನೋಡಿ, ಗ್ರೀಸ್ ಹಾಕಿ. ಕುಳಿತಾಗ ಸೀಟು ಅರ್ಧದಷ್ಟು ಇಳಿಯಬೇಕು. ಪೂರಾ ಇಳಿದು ಬುಡಕ್ಕೆ ಬಡಿಯುತ್ತಿದ್ದರೆ ಆ ಪೆಟ್ಟು ಸ್ಪ್ರಿಂಗೇ ಇಲ್ಲದ ಸೀಟಿನ ಪೆಟ್ಟಿಗಿಂತ ಕೆಟ್ಟದ್ದು.

ಸೀಟು ಕೆಟ್ಟಾಗ ನಾವು ಮಾಡುವ ಕೆಲಸ ಒಂದೇ, ಅದರ ಮೇಲೆ ದಪ್ಪ ಸ್ಪಂಜೋ ಹಳೆಯ ದಿಂಬೋ ಹಾಕುವುದು. ಕುಳಿತುಕೊಳ್ಳಲು ಹಿತವೇ, ಇಲ್ಲವೆನ್ನುವುದಿಲ್ಲ. ಆದರೆ ಸ್ಪಂಜು ಎಂಜಿನ್ನಿನ ಸಣ್ಣ ಗುರುಗುರು ನಡುಕವನ್ನು ನುಂಗುತ್ತದೆಯೇ ಹೊರತು ಬೆನ್ನಿಗೆ ಕೆಡುಕಾದ ಆ ನಿಧಾನದ ಪುಟಿತವನ್ನು ನುಂಗುವುದಿಲ್ಲ. ಸೆಕೆಂಡಿಗೆ ನಾಲ್ಕರ ಆಸುಪಾಸಿನ ನಡುಕವನ್ನು ಅದು ಹೆಚ್ಚಿಸುವುದೂ ಉಂಟು. ಜೊತೆಗೆ ಸೀಟು ಎತ್ತರವಾಗಿ ಕ್ಲಚ್ಚು, ಬ್ರೇಕು ಕಾಲಿಗೆ ಸರಿಯಾಗಿ ಸಿಗುವುದಿಲ್ಲ. ಸ್ಪ್ರಿಂಗನ್ನೂ ಅದರ ಜೊತೆಗಿರುವ ಷಾಕ್ ಅಬ್ಸಾರ್ಬರನ್ನೂ ಬದಲಾಯಿಸುವುದೇ ಸರಿಯಾದ ದಾರಿ.

ರೋಟವೇಟರಿನವರಿಗೆ ಇನ್ನೊಂದು ಮಾತು. ತೆಂಗಿನ ತೋಟದಲ್ಲಿ ಗರಿಯ ನಾರು, ಹಂಬು, ಹನಿ ನೀರಾವರಿಯ ಪೈಪಿನ ತುಂಡು ಷಾಫ್ಟಿಗೆ ಸುತ್ತಿಕೊಂಡು ಗಾಡಿಯೇ ನಡುಗುತ್ತದೆ. ಎಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡ ಮೇಲೆಯೇ ಅದನ್ನು ಬಿಡಿಸಿ. ಬ್ಲೇಡು ಒಂದು ಮುರಿದರೆ ಅಲ್ಲಿಗೆ ಒಂದನ್ನು ಮಾತ್ರ ಹೊಸದು ಹಾಕಿ, ಉಳಿದವು ಅರ್ಧ ಸವೆದಿದ್ದರೆ ತೂಕ ಏರುಪೇರಾಗುತ್ತದೆ. ಸೆಟ್ಟಾಗಿ ಬದಲಾಯಿಸುವುದು ಮೇಲು. ಹೊಲದ ತುದಿಯಲ್ಲಿ ತಿರುಗಿಸುವಾಗ ಪಿಟಿಒ ತಿರುಗುತ್ತಿರುವಂತೆಯೇ ರೋಟವೇಟರನ್ನು ಎತ್ತರಕ್ಕೆ ಎತ್ತಿದರೆ ಷಾಫ್ಟಿನ ಕ್ರಾಸುಗಳು ಕಟಕಟ ಬಡಿಯುವ ಸದ್ದು ಕೇಳಿಸುತ್ತದಲ್ಲ, ಅದು ಗಾಡಿಗೂ ಪೆಟ್ಟು, ನಿಮಗೂ ಪೆಟ್ಟು.

ಹೊಸ ಗಾಡಿ ಕೊಳ್ಳುವವರು ಅಶ್ವಶಕ್ತಿ, ಮೈಲೇಜು, ಸಬ್ಸಿಡಿ ಕೇಳುತ್ತೀರಿ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿಯಂತ್ರ ಪರೀಕ್ಷಾ ಸಂಸ್ಥೆಯ ವರದಿಯನ್ನೂ ಕೇಳಿ ನೋಡಿ. ಅದರಲ್ಲಿ ಸ್ಟೀರಿಂಗ್, ಸೀಟು, ಕಾಲಿಡುವ ಜಾಗ ಎಷ್ಟು ನಡುಗುತ್ತವೆ ಎಂದು ಮೈಕ್ರಾನ್ ಲೆಕ್ಕದಲ್ಲಿ ಬರೆದಿರುತ್ತದೆ. ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು. ನಮ್ಮ ಕೊಯಮತ್ತೂರಿನಲ್ಲೇ ಇರುವ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವೂ ಕೃಷಿಯಲ್ಲಿ ಯಂತ್ರ ಮತ್ತು ಮನುಷ್ಯನ ಹೊಂದಿಕೆ, ಸುರಕ್ಷತೆ ಕುರಿತ ಅಖಿಲ ಭಾರತ ಸಂಶೋಧನಾ ಯೋಜನೆಯ ಕೇಂದ್ರಗಳಲ್ಲಿ ಒಂದು. ಮರುದಮಲೈ ರಸ್ತೆಯಲ್ಲಿ ಹಾದುಹೋಗುವಾಗ ಬೀಜಕ್ಕಾಗಿ ಮಾತ್ರ ಒಳಗೆ ಹೋಗದೆ, ಕೃಷಿ ಎಂಜಿನಿಯರಿಂಗ್ ಕಾಲೇಜಿನವರನ್ನೂ ಒಮ್ಮೆ ಕಂಡು ಕೇಳಬಹುದು.

ಟಿಲ್ಲರ್ ಮತ್ತು ಜಾಕ್‌ಹ್ಯಾಮರ್

ಮೇಟ್ಟುಪಾಳಯಂ, ಸಿರುಮುಗೈ ಕಡೆಯ ಬಾಳೆ, ಅಡಿಕೆ ತೋಟಗಳಲ್ಲಿ ಪವರ್ ಟಿಲ್ಲರ್ ಹೆಚ್ಚು. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್. ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸೆಕೆಂಡಿಗೆ 33 ಸಲ ಆ ಪಿಸ್ಟನ್ನು ಹೋಗಿಬಂದು ಹಿಡಿಕೆಯನ್ನು ಕುಲುಕುತ್ತದೆ. ಆಕ್ಸಿಲರೇಟರ್ ಏರಿಸಿದಷ್ಟೂ ನಡುಕ ಹೆಚ್ಚು. ಆದ್ದರಿಂದ ಕೆಲಸಕ್ಕೆ ಬೇಕಾದಷ್ಟೇ ಏರಿಸಿ. ಮಾತಾಡಲು ನಿಂತಾಗ ಇಳಿಸಿ, ಕೈ ತೆಗೆಯಿರಿ. ಹಿಡಿಕೆಯ ರಬ್ಬರು ಹರಿದು ಬರಿಯ ಪೈಪು ಹಿಡಿದು ಓಡಿಸುವವರೇ ಹೆಚ್ಚು, ಆ ರಬ್ಬರಿನ ಬೆಲೆ ಒಂದು ದಿನದ ಟೀ ಖರ್ಚಿಗಿಂತ ಹೆಚ್ಚೇನಲ್ಲ. ಎಂಜಿನ್ ಕೂರಿಸಿದ ಬೋಲ್ಟುಗಳು ಸಡಿಲವಾಗಿವೆಯೇ ಎಂದು ವಾರಕ್ಕೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಐಐಟಿ ಖರಗ್‌ಪುರದ ಸಂಶೋಧಕರು ಟಿಲ್ಲರಿಗೆ ಕಂಪನ ತಡೆಗಳನ್ನು ಅಳವಡಿಸಿ ಹೊಲದಲ್ಲಿ ಓಡಿಸಿ ನೋಡಿ, ಓಡಿಸುವವನ ಆಯಾಸ ಕಡಿಮೆಯಾಗುವುದನ್ನು 2009ರಲ್ಲಿ ಪ್ರಕಟಿಸಿದ್ದಾರೆ. ಆದೀತೆಂಬುದಕ್ಕೆ ಇದು ಸಾಕ್ಷಿ.

ಕೈಚೀಲ ಹಾಕಿದರೆ ಆಗದೇ ಎಂದು ಕೇಳುತ್ತಾರೆ. ಟಿಲ್ಲರಿನಂತಹ ನಿಧಾನದ ನಡುಕಕ್ಕೆ ಕೈಚೀಲ ಅಷ್ಟಾಗಿ ತಡೆಯಾಗುವುದಿಲ್ಲ. ತೀರ ದಪ್ಪದ್ದಾದರೆ ಹಿಡಿಯಲು ಹೆಚ್ಚು ಅದುಮಬೇಕಾಗಿ ನಡುಕ ಇನ್ನೂ ಒಳಗೆ ಹೋಗುತ್ತದೆ. ಹಿಡಿತ ಹಗುರವಾಗಿರಲಿ, ಅದೇ ಮುಖ್ಯ. ಬೀಡಿ, ಸಿಗರೇಟು ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುತ್ತವೆ ಎಂಬುದನ್ನೂ ಹೇಳಿಬಿಡುತ್ತೇವೆ, ಬೈದುಕೊಂಡರೂ ಸರಿ.

ಬಾವಿ ಆಳ ಮಾಡಲು ಕಂಪ್ರೆಸರ್ ಟ್ರ್ಯಾಕ್ಟರ್ ತರಿಸುವ ಮನೆಗಳಿಗೆ, ಕಾರಣಂಪೇಟೆ ಕಡೆಯ ಕ್ವಾರಿಗೆ ಕೆಲಸಕ್ಕೆ ಹೋಗುವವರಿಗೆ ಜಾಕ್‌ಹ್ಯಾಮರಿನ ಪರಿಚಯ ಇದ್ದೇ ಇದೆ. ಇಲ್ಲಿ ಬೇರೆ ದಾರಿಯಿಲ್ಲ. ಇಬ್ಬರು ಸರದಿಯಲ್ಲಿ ಹಿಡಿಯಬೇಕು. ಒಬ್ಬನೇ ಇಡೀ ದಿನ ಹಿಡಿಯುವ ಕೆಲಸವಲ್ಲ ಅದು. ಮೊಂಡಾದ ಉಳಿಯಲ್ಲಿ ಕೊರೆಯಬೇಡಿ. ಹೊಟ್ಟೆಯಿಂದ, ತೊಡೆಯಿಂದ ಅದುಮಬೇಡಿ.

ಇಳಿಯುವಾಗ, ಇಳಿದ ಮೇಲೆ

ಗಂಟೆಗಟ್ಟಲೆ ಕುಳಿತು ಕೆಲಸ ಮುಗಿಸಿದವನು ಟ್ರ್ಯಾಕ್ಟರಿನಿಂದ ಧುಮುಕುತ್ತಾನೆ, ಹಾಗೆಯೇ ಬಗ್ಗಿ ಗೊಬ್ಬರದ ಮೂಟೆ ಎತ್ತುತ್ತಾನೆ. ದಣಿದ ಸ್ನಾಯು, ಕುಟ್ಟಿಸಿಕೊಂಡ ಡಿಸ್ಕು, ಅದರ ಮೇಲೆ ಐವತ್ತು ಕಿಲೋ! ಗಾಡಿಯ ಕಡೆಗೆ ಮುಖ ಮಾಡಿ, ಹಿಡಿದುಕೊಂಡು ಮೆಟ್ಟಿಲಿನಲ್ಲಿ ಇಳಿಯಿರಿ. ಐದು ಹತ್ತು ನಿಮಿಷ ನಡೆದಾಡಿ, ನೀರು ಕುಡಿಯಿರಿ, ಆಮೇಲೆ ಮೂಟೆ. ಉಳುವಾಗಲೂ ಗಂಟೆಗೊಮ್ಮೆ ಇಳಿದು ಹೊಲದ ಅಂಚಿನಲ್ಲಿ ಒಂದು ಸುತ್ತು ಹೋಗಿಬನ್ನಿ.

ಗರ್ಭಿಣಿಯರು ಟ್ರ್ಯಾಕ್ಟರಿನಲ್ಲಿ, ಟ್ರೇಲರಿನಲ್ಲಿ ಕುಳಿತು ತೋಟಕ್ಕೆ ಹೋಗುವುದು ಬೇಡ. ಮಡ್‌ಗಾರ್ಡಿನ ಮೇಲೆ ಯಾರೂ ಕೂರುವುದು ಬೇಡ. ಎಳೆಯ ಹುಡುಗರ ಎಲುಬು, ಸ್ನಾಯು ಇನ್ನೂ ಬಲಿತಿರುವುದಿಲ್ಲ. ನಡುಕ ಅವರಿಗೆ ಹೆಚ್ಚು ಕೆಡುಕು. ಹದಿನೆಂಟು ತುಂಬದೆ ಟ್ರ್ಯಾಕ್ಟರಿಗೆ ಲೈಸೆನ್ಸೂ ಇಲ್ಲ. ಹಿಂದಿನ ಬಾಗಿಲ ಬಳಿ ನಿಲ್ಲುವ ನಮ್ಮ ಅಣ್ಣನವರಿಗೂ ಇದನ್ನೇ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾಮೈದ ಕೆಲಸ ಇಲ್ಲದೆ ಕೂತಿದಾನೆ, ಕೇಳಿ ನೋಡ್ತೀನಿ" ಎಂದರು. ಈಗ ಬೆಳಗಿನ ಮೂರು ಗಂಟೆ ಮಾತ್ರ ಅವರು, ಉಳಿದದ್ದು ಭಾಮೈದ. ಬಾಡಿಗೆಯ ಹಣದಲ್ಲಿ ಪಾಲು ಹೋಗುತ್ತದೆ, ಅದು ನಿಜ. ಮಗ ಮತ್ತೆ ಶಾಲೆಗೆ ಹೋಗುತ್ತಿದ್ದಾನೆ. ಸೀಟಿನ ಸ್ಪ್ರಿಂಗ್ ಬದಲಾಯಿಸಿದ್ದಾರೆ. ಸೊಂಟನೋವು ಹೋಗಿಲ್ಲ, ಆದರೆ ಹೆಚ್ಚಾಗಿಲ್ಲ ಎನ್ನುತ್ತಾರೆ.

ಕೊನೆಗೆ ಡಾಕ್ಟರರ ವಿಷಯ. ಮೆಡಿಕಲ್ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಂಡು ನುಂಗಿ ಮತ್ತೆ ಗಾಡಿ ಹತ್ತುವುದು ನಮ್ಮಲ್ಲಿ ದಿನಚರಿಯಾಗಿದೆ. ಆ ಮಾತ್ರೆಗಳನ್ನು ತಿಂಗಳುಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಸೊಂಟದ ನೋವು ತೊಡೆಯ ಹಿಂದಿನಿಂದ ಪಾದಕ್ಕೆ ಇಳಿಯುತ್ತಿದ್ದರೆ ಡಾಕ್ಟರರಿಗೆ ತೋರಿಸಿ. ಪಾದ ಎತ್ತಲಾಗದಿದ್ದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಮರುದಿನಕ್ಕೆ ಕಾಯಬೇಡಿ, ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಿ. ನರ ಒತ್ತಿಕೊಂಡಾಗ ಗಂಟೆಗಳೇ ಲೆಕ್ಕ. ಕೈ ಜುಮ್ಮೆನ್ನುವವರು ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿ, ಅದರಿಂದಲೂ ಹಾಗಾಗುತ್ತದೆ. ಡಾಕ್ಟರರ ಮುಂದೆ ಕುಳಿತಾಗ, ಯಾವ ಯಂತ್ರ, ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷದಿಂದ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.